ಹಿಡಿ ಮುರಿದ ಕಿಟಕಿ

ಮಲೆ ಮಹದೇಶ್ವರ ಬೆಟ್ಟದಿಂದ ಮೆಟ್ಟೂರಿನ ದಾರಿ ಹಿಡಿದು ಘಟ್ಟ ಇಳಿದರೆ ಗಡಿಯಲ್ಲಿ ಸಿಗುವ ಊರು ಪಾಲಾರ್. ಪಾಲಾರ್ ಹಳ್ಳ ಕಾವೇರಿಗೆ ಸೇರುವುದು ಇಲ್ಲಿಯೇ. ಹಳ್ಳದ ಆಚೆಗೆ ತಮಿಳುನಾಡು. ಸುತ್ತಣ ಮಲೆ ಮಹದೇಶ್ವರ ಕಾಡು 2013ರಿಂದ ವನ್ಯಜೀವಿಧಾಮ. ಇಂಥ ಊರಿನ ಮನೆಯೊಂದರಲ್ಲಿ ಕಿಟಕಿಯ ಹಿಡಿ ಮುರಿದರೆ ಏನಾಗುತ್ತದೆ?

‘ಏನಾಗುತ್ತದೆ? ಒಂದು ತಂತಿ ಬಿಗಿದರಾಯಿತು’ ಎನ್ನುವವರೇ ಹೆಚ್ಚು. ಆಗುವುದೂ ಅದೇ. ಅಡುಗೆಮನೆಯ ಕಿಟಕಿಯ ಹಿಡಿ ಕೈಗೆ ಕಿತ್ತು ಬರುತ್ತದೆ. ರೆಕ್ಕೆಯನ್ನು ಎಳೆದು ಭದ್ರವಾಗಿ ಮುಚ್ಚಲು ಆಗುವುದಿಲ್ಲ. ಸಂದು ಬಿಟ್ಟರೆ ಕೋತಿಗಳ ಕಾಟ. ಯಾತ್ರಿಕರ ಕೈಯ ತಿಂಡಿಯ ರುಚಿ ಕಂಡ ಕೋತಿಗೆ ಅರ್ಧ ತೆರೆದ ಕಿಟಕಿ ಎಂದರೆ ಆಹ್ವಾನವೇ. ಆದ್ದರಿಂದ ಎರಡು ಸುತ್ತು ತಂತಿ ಸುತ್ತಿ ಕಿಟಕಿಯನ್ನು ಸರಳಿಗೆ ಬಿಗಿದುಬಿಡುತ್ತಾರೆ. ಹಿಡಿ ತಂದು ಹಾಕುವುದು ‘ಮುಂದಿನ ವಾರ’ದ ಕೆಲಸವಾಗಿ ಉಳಿಯುತ್ತದೆ. ಕಿಟಕಿ ಮಾತ್ರ ಅಂದಿನಿಂದ ಗೋಡೆಯಾಗುತ್ತದೆ.

ತೊಂದರೆ ಇರುವುದು ಇಲ್ಲಿಯೇ. ಗ್ಯಾಸ್ ಬಂದಿದ್ದರೂ ಸ್ನಾನದ ನೀರಿಗೆ, ಮುದ್ದೆಗೆ ಸೌದೆ ಒಲೆಯನ್ನು ಉರಿಸುವ ಮನೆಗಳು ಇನ್ನೂ ಇವೆ. ಸೌದೆಯ ಹೊಗೆಯಲ್ಲಿ ಕಣ್ಣಿಗೆ ಕಾಣುವ ಮಸಿಯಷ್ಟೇ ಇರುವುದಿಲ್ಲ. ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲ ಅತಿ ಸಣ್ಣ ಕಣಗಳೂ, ಬಣ್ಣ ವಾಸನೆ ಇಲ್ಲದ ಕಾರ್ಬನ್ ಮಾನಾಕ್ಸೈಡೂ ಇರುತ್ತವೆ. ಮನೆಯೊಳಗಿನ ಹೊಗೆ ಮತ್ತು ಅದರಿಂದ ಬರುವ ರೋಗಗಳಿಗೆ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಮಂದಿ ಬಲಿಯಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಕಿಟಕಿ ತೆರೆದ ಮಾತ್ರಕ್ಕೆ ಹೊಗೆಯ ಅಪಾಯವೆಲ್ಲ ಹೋಗುವುದಿಲ್ಲ, ನಿಜ. ಆದರೆ ಒಲೆಯ ಮುಂದೆ ಕುಳಿತ ತಾಯಿಯೂ ಅವಳ ಮಗ್ಗುಲಲ್ಲಿರುವ ಮಗುವೂ ಕುಡಿಯುವ ಹೊಗೆಯಲ್ಲಿ ಒಂದಷ್ಟು ಆ ದಾರಿಯಲ್ಲಿ ಹೊರಗೆ ಹೋಗುತ್ತದೆ. ಆ ದಾರಿಯ ಕೀಲಿಕೈ ಕೆಲವು ಹತ್ತು ರೂಪಾಯಿಗಳ ಒಂದು ಹಿಡಿ.

ಹಾಗಾದರೆ ಹೊಸ ಹಿಡಿ ತಂದು ತಿರುಪು ಬಿಗಿದರೆ ಕೆಲಸ ಮುಗಿಯಿತೆ? ಅಲ್ಲಿಯೇ ಎಡವುವುದು. ಹಿಡಿ ತಾನಾಗಿ ಮುರಿಯುವುದು ಅಪರೂಪ. ಅದನ್ನು ಮುರಿಯುವುದು ಕಿಟಕಿ. ಕಾರಣವನ್ನು ಹುಡುಕದೆ ಹಾಕಿದ ಹೊಸ ಹಿಡಿ ಮುಂದಿನ ಮಳೆಗಾಲಕ್ಕೆ ಮತ್ತೆ ಕೈಗೆ ಬರುತ್ತದೆ.

ಮರಕ್ಕೆ ನೀರಿನ ಆಸೆ ಸಾಯುವುದಿಲ್ಲ. ಕಡಿದು, ಕೊಯ್ದು, ಬಣ್ಣ ಬಳಿದ ಮೇಲೂ ಅದು ಗಾಳಿಯ ತೇವವನ್ನು ಹೀರುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಎಳೆಯ ಉದ್ದಕ್ಕೆ ಮರ ಹಿಗ್ಗುವುದು ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಎಳೆಗೆ ಅಡ್ಡಲಾಗಿ ಮಾತ್ರ ಚೆನ್ನಾಗಿ ಹಿಗ್ಗುತ್ತದೆ. ಆದ್ದರಿಂದ ಉಬ್ಬಿದ ರೆಕ್ಕೆ ಎತ್ತರದಲ್ಲಿ ಹೆಚ್ಚು ಬದಲಾಗದೆ ಅಗಲದಲ್ಲಿ ಒಂದೆರಡು ಮಿಲಿಮೀಟರ್ ಬೆಳೆದು ಚೌಕಟ್ಟಿನಲ್ಲಿ ಕಚ್ಚಿಕೊಳ್ಳುತ್ತದೆ. ತೇಗ ಕಡಿಮೆ ಉಬ್ಬುವ ಜಾತಿ. ಅಗ್ಗದ ಹಸಿ ಮರವಾದರೆ ಹೇಳುವುದೇ ಬೇಡ. ಹೀಗೆ ಕಚ್ಚಿದ ರೆಕ್ಕೆಯನ್ನು ಜಗ್ಗುವಾಗ ಬಲವೆಲ್ಲ ಬೀಳುವುದು ಹಿಡಿಯ ಎರಡು ತಿರುಪುಗಳ ಮೇಲೆ. ದಿನಕ್ಕೆ ನಾಲ್ಕು ಸಲ ಜಗ್ಗಿದರೆ ತಿರುಪಿನ ಸುತ್ತಲ ಮರದ ಎಳೆಗಳು ಸವೆದು ತೂತು ದೊಡ್ಡದಾಗುತ್ತದೆ. ಒಂದು ದಿನ ಹಿಡಿ ಕಿತ್ತು ಬರುತ್ತದೆ.

ಎರಡನೆಯ ಕಾರಣ ಕೀಲು. ಮೇಲಿನ ಕೀಲಿನ ತಿರುಪು ಸಡಿಲವಾದರೆ ರೆಕ್ಕೆಯ ತುದಿ ಜೋತು, ಕೆಳ ಅಂಚು ಚೌಕಟ್ಟಿಗೆ ಉಜ್ಜುತ್ತದೆ. ಹಿಡಿ ಹೋದ ಮೇಲಂತೂ ಇದು ಇನ್ನೂ ಕೆಡುತ್ತದೆ. ಯಾಕೆಂದರೆ ಆಗ ಜನ ರೆಕ್ಕೆಯನ್ನು ಸಿಕ್ಕಿದ ಕಡೆ ಹಿಡಿದು ಎಳೆಯುತ್ತಾರೆ. ಶಾಲೆಯಲ್ಲಿ ಕಲಿತ ಸನ್ನೆಯ ಪಾಠವನ್ನು ನೆನಪಿಸಿಕೊಳ್ಳಿ. ರೆಕ್ಕೆಯ ಅಗಲ 40 ಸೆಂಟಿಮೀಟರ್ ಎನ್ನೋಣ. ಕೀಲಿನಿಂದ ಅಷ್ಟು ದೂರದ ಅಂಚಿನಲ್ಲಿ 2 ಕಿಲೋಗ್ರಾಮ್ ತೂಕದಷ್ಟು ಬಲದಿಂದ ತೆರೆಯುವ ಕಿಟಕಿಯನ್ನು 20 ಸೆಂಟಿಮೀಟರಿನಲ್ಲಿ ಹಿಡಿದು ತೆರೆಯಲು 4 ಕಿಲೋಗ್ರಾಮಿನಷ್ಟು ಬೇಕು. ದೂರ ಅರ್ಧವಾದರೆ ಬಲ ಇಮ್ಮಡಿ. ಬಡಗಿ ಹಿಡಿಯನ್ನು ಕೀಲಿನಿಂದ ಆದಷ್ಟು ದೂರ ಇಟ್ಟಿರುವುದು ಅಂದಕ್ಕಲ್ಲ.

ಆದ್ದರಿಂದ ಮೊದಲು ಕೀಲಿನ ತಿರುಪುಗಳನ್ನು ಬಿಗಿಯಾಗಿಸಿ. ಆಮೇಲೆ ಚೌಕಟ್ಟಿನ ಒಳ ಅಂಚಿಗೆ ಇದ್ದಿಲನ್ನೋ ಬಣ್ಣದ ಸೀಮೆಸುಣ್ಣವನ್ನೋ ಸವರಿ ಕಿಟಕಿಯನ್ನು ಮುಚ್ಚಿ ತೆರೆಯಿರಿ. ರೆಕ್ಕೆಯಲ್ಲಿ ಗುರುತು ಮೂಡಿದ ಜಾಗವೇ ಕಚ್ಚುವ ಜಾಗ. ಅಲ್ಲಿ ಮಾತ್ರ ಮರಳು ಕಾಗದದಿಂದ ಉಜ್ಜಿ. ಮಳೆಗಾಲದಲ್ಲಿ ಉಬ್ಬಿದ ರೆಕ್ಕೆಗೆ ಹತ್ತರಿ ಹೊಡೆಯುವ ಆತುರ ಬೇಡ. ಬೇಸಿಗೆಗೆ ಅದು ಕುಗ್ಗಿದಾಗ ಸಂದಿನಲ್ಲಿ ಬೆರಳು ತೂರಿಸಬಹುದು! ಉಜ್ಜಿದ ಜಾಗಕ್ಕೆ ಬಣ್ಣ ಬಳಿಯುವುದನ್ನು ಮರೆಯಬೇಡಿ. ಬಣ್ಣವಿಲ್ಲದ ಅಂಚೇ ನೀರು ಕುಡಿಯುವ ಬಾಯಿ.

ಇನ್ನು ಹಳೆಯ ಹಿಡಿಯನ್ನು ಬಿಚ್ಚುವ ಕೆಲಸ. ತುಕ್ಕು ಹಿಡಿದ ತಿರುಪಿನ ತಲೆಯಲ್ಲಿ ಬಣ್ಣ ತುಂಬಿರುತ್ತದೆ. ದಬ್ಬಳದಿಂದ ಗೀರನ್ನು ಚೊಕ್ಕ ಮಾಡಿ, ಒಂದೆರಡು ತೊಟ್ಟು ಎಣ್ಣೆ ಬಿಟ್ಟು ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಗೀರಿನ ಅಗಲಕ್ಕೆ ಸರಿಯಾದ ಸ್ಕ್ರೂಡ್ರೈವರನ್ನು ಇಟ್ಟು ಹಿಂದಿನಿಂದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ತುಕ್ಕಿನ ಹಿಡಿತ ಬಿರಿಯುತ್ತದೆ. ಮೊದಲು ಕೂದಲೆಳೆಯಷ್ಟು ಬಿಗಿಮಾಡುವ ಕಡೆಗೆ ತಿರುಗಿಸಿ, ಆಮೇಲೆ ಬಿಚ್ಚಿ. ಚಿಕ್ಕ ಸ್ಕ್ರೂಡ್ರೈವರಿನಿಂದ ಒದ್ದಾಡಿದರೆ ಗೀರು ಸವೆದು, ತಿರುಪು ಮರದಲ್ಲೇ ಸಮಾಧಿಯಾಗುತ್ತದೆ. ರೆಕ್ಕೆಗೆ ಗಾಜು ಇದ್ದರೆ ಸುತ್ತಿಗೆ ಮುಟ್ಟುವ ಮೊದಲು ಇನ್ನೊಬ್ಬರು ರೆಕ್ಕೆಯನ್ನು ಹಿಂದಿನಿಂದ ಆನಿಸಿ ಹಿಡಿಯಲಿ.

ಅಳತೆಯಲ್ಲಿ ತಪ್ಪುವವರು ಬಹಳ. ಹಿಡಿಯ ಒಟ್ಟು ಉದ್ದ ಮುಖ್ಯವಲ್ಲ. ಒಂದು ತೂತಿನ ನಡುವಿನಿಂದ ಇನ್ನೊಂದರ ನಡುವಿನವರೆಗಿನ ದೂರ ಮುಖ್ಯ. ರೆಕ್ಕೆಯ ಮೇಲೆ ಕಾಗದ ಒತ್ತಿ ಪೆನ್ಸಿಲಿನಿಂದ ತಿಕ್ಕಿದರೆ ತೂತುಗಳ ಪಡಿಯಚ್ಚು ಮೂಡುತ್ತದೆ. ಆ ಕಾಗದದ ಜೊತೆಗೆ ಹಳೆಯ ಹಿಡಿಯೂ ಒಂದು ತಿರುಪೂ ಜೇಬಿನಲ್ಲಿರಲಿ. ಪೇಟೆಯವರಿಗೆ ತಪ್ಪು ಹಿಡಿ ತಂದರೆ ಹತ್ತು ನಿಮಿಷದ ನಷ್ಟ. ಪಾಲಾರಿನಿಂದ ಘಟ್ಟ ಹತ್ತಿ ಹನೂರಿಗೋ ಕೊಳ್ಳೇಗಾಲಕ್ಕೋ ಬಸ್ಸಿನಲ್ಲಿ ಹೋಗಿಬರುವವರಿಗೆ ಅದು ಒಂದು ದಿನದ ಕೂಲಿ. ಗಡಿಯ ಊರಾದ್ದರಿಂದ ಕೆಲವರು ಮೆಟ್ಟೂರಿನ ಕಡೆಗೂ ಇಳಿಯಬಹುದು. ಅಲ್ಲಿ ಚಿಲಕಕ್ಕೆ ‘ತಾಳ್ಪಾಳ್’ ಎನ್ನಬೇಕು. ಪಡಿಯಚ್ಚಿನ ಕಾಗದಕ್ಕೆ ಯಾವ ಭಾಷೆಯೂ ಬೇಡ.

ಅಂಗಡಿಯಲ್ಲಿ ಕಬ್ಬಿಣ, ಅಲ್ಯೂಮಿನಿಯಮ್, ಹಿತ್ತಾಳೆ, ಸ್ಟೇನ್‌ಲೆಸ್ ಉಕ್ಕು ಎಲ್ಲದರ ಹಿಡಿಗಳೂ ಇರುತ್ತವೆ. ಯಾವುದನ್ನು ಕೊಂಡರೂ ತಿರುಪು ಅದೇ ಲೋಹದ್ದಾಗಿರಲಿ. ಹಿತ್ತಾಳೆಯ ಹಿಡಿಗೆ ಕಬ್ಬಿಣದ ತಿರುಪು ಹಾಕಿದರೆ ಅಲ್ಲೊಂದು ಪುಟ್ಟ ವಿದ್ಯುತ್ ಕೋಶವೇ ಹುಟ್ಟುತ್ತದೆ. 1800ರಲ್ಲಿ ಇಟಲಿಯ ವೋಲ್ಟಾ ಎರಡು ಬೇರೆ ಬೇರೆ ಲೋಹಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆ ಇಟ್ಟು ವಿದ್ಯುತ್ ಹರಿಸಿದ್ದನಲ್ಲ, ಅದೇ ತತ್ವ. ಇಲ್ಲಿ ಉಪ್ಪುನೀರು ಅಂಗೈಯ ಬೆವರು; ಅದಕ್ಕೆ ಅಡುಗೆಮನೆಯ ಹಬೆಯ ಸಹಾಯ. ಎರಡರಲ್ಲಿ ಹೆಚ್ಚು ಚುರುಕಾದ ಕಬ್ಬಿಣ ಕರಗುತ್ತದೆ, ಹಿತ್ತಾಳೆ ಉಳಿಯುತ್ತದೆ. ದೊಡ್ಡ ಹಿತ್ತಾಳೆಯ ಮುಂದೆ ಚಿಕ್ಕ ತಿರುಪಾದ್ದರಿಂದ ಕೊರೆತವೆಲ್ಲ ಅದರ ಮೇಲೆಯೇ. ಅಲ್ಯೂಮಿನಿಯಮ್ ಹಿಡಿಗೆ ಹಿತ್ತಾಳೆಯ ತಿರುಪು ಹಾಕಿದರೆ ಆಟ ತಿರುಗುಮುರುಗು: ಹಿಡಿಯೇ ಬಿಳಿಯ ಪುಡಿಯಾಗಿ ಉದುರತೊಡಗುತ್ತದೆ.

ಸವೆದ ತೂತಿಗೆ ಇನ್ನೂ ದಪ್ಪ ತಿರುಪು ಹೊಡೆಯುವುದು ಸುಲಭದ ಉಪಾಯ. ಆದರೆ ಕಿರಿದಾದ ಪಟ್ಟಿ ಸೀಳಿಹೋಗಬಹುದು. ಒಣಗಿದ ಬಿದಿರನ್ನೋ ಗಟ್ಟಿ ಮರದ ಚೂರನ್ನೋ ಕಡ್ಡಿಯಾಗಿ ಸೀಳಿ, ಮರದ ಅಂಟು ಸವರಿ, ತೂತಿನಲ್ಲಿ ಬಿಗಿಯಾಗಿ ತುಂಬಿ, ಹೊರಗುಳಿದುದನ್ನು ಉಳಿಯಿಂದ ಕತ್ತರಿಸಿ ಒಂದು ದಿನ ಒಣಗಲು ಬಿಡಿ. ಆಮೇಲೆ ತಿರುಪಿಗಿಂತ ತೆಳುವಾದ ಬೈರಿಗೆಯಿಂದ ತೂತು ಕೊರೆದು, ತಿರುಪಿನ ಮೈಗೆ ಮೇಣದಬತ್ತಿ ಉಜ್ಜಿ ತಿರುಗಿಸಿ. ತಿರುಪು ಎಂದರೆ ಸಲಾಕೆಗೆ ಸುತ್ತಿದ ಇಳಿಜಾರು. ಘಟ್ಟದ ರಸ್ತೆ ಬಸ್ಸನ್ನು ಸುತ್ತಿ ಸುತ್ತಿ ಬೆಟ್ಟಕ್ಕೆ ಏರಿಸುವಂತೆ ಅದು ಕೈಯ ಸಣ್ಣ ಬಲವನ್ನು ದೊಡ್ಡದಾಗಿಸಿ ಮರದೊಳಕ್ಕೆ ಇಳಿಯುತ್ತದೆ. ಇಳಿಯುವಾಗ ಮರದ ಎಳೆಗಳಲ್ಲಿ ತನ್ನ ದಾರಿಯನ್ನು ತಾನೇ ಕೊರೆದುಕೊಳ್ಳುತ್ತದೆ. ಸುತ್ತಿಗೆಯಿಂದ ಹೊಡೆದು ಇಳಿಸಿದರೆ ಆ ಎಳೆಗಳೆಲ್ಲ ಹರಿದುಹೋಗುತ್ತವೆ. ಆಗ ಅದು ತಿರುಪಲ್ಲ, ದುಬಾರಿ ಮೊಳೆ.

ಕಬ್ಬಿಣದ ಪಟ್ಟಿಯ ಕಿಟಕಿಯಲ್ಲಿ ಹಿಡಿಯನ್ನು ರಿವೆಟ್ಟಿನಿಂದ ಕೂರಿಸಿರುವುದುಂಟು. ಅದನ್ನು ಬಿಚ್ಚುವುದು ವೆಲ್ಡಿಂಗ್ ಅಂಗಡಿಯವನ ಕೆಲಸ. ಹೊಸ ಮನೆಗಳ ಪ್ಲಾಸ್ಟಿಕ್ ಚೌಕಟ್ಟಿನ ಕಿಟಕಿಗಳಲ್ಲಿ ಹಿಡಿಯ ಹಿಂದೆ ಚೌಕಾಕಾರದ ಒಂದು ಕಡ್ಡಿ ಇದ್ದು, ಅದು ಒಳಗಿನ ಬೀಗವನ್ನು ತಿರುಗಿಸುತ್ತದೆ. ಅಲ್ಲಿ ತೂತುಗಳ ದೂರದ ಜೊತೆಗೆ ಈ ಕಡ್ಡಿಯ ದಪ್ಪವನ್ನೂ ಉದ್ದವನ್ನೂ ಅಳೆಯಬೇಕು.

ಇಷ್ಟು ಚಿಕ್ಕ ವಸ್ತುವಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೆ ಎನ್ನಿಸಬಹುದು. ತತ್ವಜ್ಞಾನಿ ಲುಡ್ವಿಗ್ ವಿಟ್‌ಗೆನ್‌ಸ್ಟೈನ್ 1926ರಿಂದ 1928ರವರೆಗೆ ವಿಯೆನ್ನಾದಲ್ಲಿ ತನ್ನ ಅಕ್ಕನಿಗಾಗಿ ಮನೆ ಕಟ್ಟಿಸುವಾಗ ಬಾಗಿಲು ಕಿಟಕಿಗಳ ಹಿಡಿಗಳನ್ನು ತಾನೇ ವಿನ್ಯಾಸ ಮಾಡಿದ್ದ. ಮಿಲಿಮೀಟರ್ ಹೆಚ್ಚುಕಡಿಮೆಯನ್ನೂ ಒಪ್ಪುತ್ತಿರಲಿಲ್ಲವಂತೆ. ಮನೆಯಲ್ಲಿ ದಿನವೂ ನಾವು ಕೈಕುಲುಕುವುದು ಹಿಡಿಯ ಜೊತೆಗೇ ಅಲ್ಲವೆ?

ಪಾಲಾರಿನಂಥ ಊರಿಗೆ ಒಂದು ಹಿಡಿ ಹಾಕಲು ಬಡಗಿ ಬರುವುದಿಲ್ಲ. ಬಂದರೂ ಹಿಡಿಗಿಂತ ಅವನ ಕೂಲಿ ಹೆಚ್ಚು. ಸ್ಕ್ರೂಡ್ರೈವರ್, ಮರಳು ಕಾಗದ, ಬಿದಿರು ಕಡ್ಡಿ, ಮೇಣದಬತ್ತಿ, ಇಷ್ಟಿದ್ದರೆ ಹೈಸ್ಕೂಲಿನ ಹುಡುಗಿಯೂ ಭಾನುವಾರ ಬೆಳಿಗ್ಗೆ ಈ ಕೆಲಸ ಮುಗಿಸಬಹುದು. ಸನ್ನೆ, ಇಳಿಜಾರು, ವಿದ್ಯುತ್ ಕೋಶ ಮೂರೂ ಅವಳ ವಿಜ್ಞಾನದ ಪುಸ್ತಕದಲ್ಲಿವೆ.

ಕೆಲಸ ಮುಗಿದ ಮೇಲೆ ಮರೆಯದೆ ಮಾಡಬೇಕಾದದ್ದು ಒಂದಿದೆ. ಸರಳಿಗೆ ಸುತ್ತಿದ ತಂತಿಯನ್ನು ಕತ್ತರಿಸಿ ಎಸೆಯಿರಿ. ಚಿಲಕ ಗಟ್ಟಿಯಾಗಿ ಕೂರುತ್ತಿದೆಯೇ ನೋಡಿ. ಕೋತಿಗೆ ಅದೇ ಉತ್ತರ. ಸಂಜೆ ಒಲೆ ಹಚ್ಚುವಾಗ ಕಿಟಕಿ ತೆರೆದು, ಎದುರಿನ ಬಾಗಿಲನ್ನೂ ತೆರೆದಿಡಿ. ಬಾಗಿಲಿನಿಂದ ತಂಪು ಗಾಳಿ ಒಳಗೆ ಬಂದರೆ, ಬಿಸಿಯಾಗಿ ಮೇಲೆದ್ದ ಹೊಗೆ ಕಿಟಕಿಯ ದಾರಿ ಹಿಡಿಯುತ್ತದೆ. ಒಲೆಯ ಮುಂದೆ ಕುಳಿತವರ ಕೆಮ್ಮು ಕಡಿಮೆಯಾಗುತ್ತದೆಯೇ ಎಂಬುದನ್ನು ಒಂದು ವಾರ ಗಮನಿಸಿ.