ಶಿಖರಗಳ ಎಣಿಕೆ ಮತ್ತು ದಾರಿಯ ಋಣ

ಪರ್ವತಾರೋಹಣವೆಂದೊಡನೆ ಕನ್ನಡಿಗರ ಮನಸ್ಸು ಹಿಮಾಲಯದತ್ತ ಹರಿಯುವುದು ಸಹಜ. ಆದರೆ ಬೆಟ್ಟವು ಎತ್ತರದಿಂದಲೇ ಗುರುವಾಗಬೇಕೆಂಬ ನಿಯಮವಿಲ್ಲ. ಇಂಗ್ಲೆಂಡಿನ ವಾಯವ್ಯದಲ್ಲಿ ಸರೋವರ ಪ್ರಾಂತ್ಯವೆಂಬ ಗುಡ್ಡಗಾಡು ಇದೆ. ಅಲ್ಲಿಯ ಸ್ಕಾಫೆಲ್ ಪೈಕ್ ಇಡಿಯ ಇಂಗ್ಲೆಂಡಿಗೇ ಅತ್ಯುನ್ನತವಾದರೂ ಅದರ ಎತ್ತರ 978 ಮೀಟರು. ಎಂದರೆ ಮುಳ್ಳಯ್ಯನಗಿರಿಯ ಅರ್ಧದಷ್ಟು. ಅಲ್ಲಿಯ ಜನ ತಮ್ಮ ಬೆಟ್ಟಗಳನ್ನು 'ಫೆಲ್' ಎಂದು ಕರೆಯುತ್ತಾರೆ. ಸಾವಿರ ವರ್ಷಗಳ ಹಿಂದೆ ನಾರ್ವೆಯ ಕಡೆಯಿಂದ ಬಂದು ನೆಲೆಸಿದವರ ನುಡಿಯಿಂದ ಉಳಿದುಬಂದ ಶಬ್ದವದು. ಒಂದೇ ದಿನದಲ್ಲಿ ಇಂತಹ ಹಲವು ಶಿಖರಗಳನ್ನು ಏರಿಳಿದು, ಮನೆಗೆ ಮರಳಿ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುವುದು ಅಲ್ಲಿ ಅನೇಕರ ಹವ್ಯಾಸ.

ವಾಸ್ಡೇಲ್ ಹೆಡ್ ಎಂಬ ಪುಟ್ಟ ಊರಿನಿಂದ ಹೊರಡುವ ಸುತ್ತೊಂದನ್ನು ನಿದರ್ಶನವಾಗಿ ನೋಡಬಹುದು. ಬ್ಲ್ಯಾಕ್ ಸೇಲ್ ಕಣಿವೆಮಾರ್ಗವನ್ನೇರಿ 892 ಮೀಟರಿನ ಪಿಲ್ಲರ್, ಅನಂತರ ಸ್ಕೋಟ್ ಫೆಲ್, ಅದರ ಮಗ್ಗುಲಿಗೆ ಗೋಪುರದಂತೆ ಚಾಚಿದ ಸ್ಟೀಪಲ್, ಮುಂದೆ ರೆಡ್ ಪೈಕ್, ಕಡೆಗೆ ಯೂಬ್ಯಾರೊ. ಹೀಗೆ ಐದು ಶಿಖರಗಳು. ನಾಲ್ಕನ್ನು ಮುಗಿಸಿ ಡೋರ್ ಹೆಡ್ ಎಂಬ ತಗ್ಗಿಗೆ ಇಳಿದಾಗ, ಎದುರಿಗೆ ಕೈಯೂರಿ ಹತ್ತಬೇಕಾದ ಬಂಡೆ ನಿಂತಿರುತ್ತದೆ. ಮೋಡ ಕವಿದು ಮಳೆ ಹಿಡಿದರೆ ಆ ಬಂಡೆ ಜಾರುತ್ತದೆ. ಐದನೆಯದನ್ನು ಬಿಟ್ಟು ಊರಿನತ್ತ ಇಳಿಯುವವನ ಪಟ್ಟಿಯಲ್ಲಿ ಒಂದು ಕಡಿಮೆಯಾಗಬಹುದು, ವಿವೇಕಕ್ಕೆ ಕೊರತೆಯಾಗದು.

ಹಾಗೆಂದು ಎಣಿಕೆಯೇ ಹೀನವೆನ್ನಲಾಗದು. ಆಲ್‌ಫ್ರೆಡ್ ವೇನ್‌ರೈಟ್ (1907–1991) ವೃತ್ತಿಯಿಂದಲೇ ಲೆಕ್ಕಿಗರು. ಕೆಂಡಲ್ ಪಟ್ಟಣದ ಪೌರಸಭೆಯ ಖಜಾಂಚಿಗಳು. ಕಚೇರಿಯ ಕಾಯಕ ಮುಗಿಸಿ, ಬಿಡುವಿನ ದಿನಗಳಲ್ಲಿ ಬಸ್ಸು ಹಿಡಿದು ಬೆಟ್ಟಗಳಿಗೆ ಹೋಗಿ, 214 ಬೆಟ್ಟಗಳ ದಾರಿಗಳನ್ನೂ ನೋಟಗಳನ್ನೂ ಸ್ವಹಸ್ತದಿಂದಲೇ ಬರೆದು ಚಿತ್ರಿಸಿ, 1955ರಿಂದ 1966ರವರೆಗೆ ಏಳು ಸಂಪುಟಗಳಲ್ಲಿ ಪ್ರಕಟಿಸಿದರು. ಅವರಿಗೆ ಆ ಸಂಖ್ಯೆ ಅವಧಾನದ ಫಲವಾಗಿತ್ತು. ಅವರ ತರುವಾಯ ಬಂದ ಹಲವರಿಗೆ ಸಂಖ್ಯೆಯೇ ಗುರಿಯಾಯಿತು.

ಪಟ್ಟಿಯಲ್ಲಿ ಕಾಣದಿರುವುದು ದಾರಿ. ಅಸಂಖ್ಯ ಪಾದಗಳ ತುಳಿತಕ್ಕೆ ಹುಲ್ಲು ಸಾಯುತ್ತದೆ, ಬರಿಮಣ್ಣನ್ನು ಮಳೆ ಕೊಚ್ಚುತ್ತದೆ, ಕಾಲುದಾರಿ ಕೊರಕಲಾಗುತ್ತದೆ. ಅದನ್ನು ತಪ್ಪಿಸಿ ಪಕ್ಕದಲ್ಲಿ ನಡೆಯುವವರಿಂದ ಗಾಯವು ಮತ್ತಷ್ಟು ಅಗಲವಾಗುತ್ತದೆ. ಆದಕಾರಣ ಸಂಬಳದ ಕೆಲಸಗಾರರೂ ಸ್ವಯಂಸೇವಕರೂ ಕೂಡಿ ಕಲ್ಲು ಹಾಸುತ್ತಾರೆ, ನೀರುಗಾಲುವೆಗಳನ್ನು ಬಿಡಿಸುತ್ತಾರೆ. ದುರ್ಗಮವಾದೆಡೆಗೆ ಹೆಲಿಕಾಪ್ಟರಿನಲ್ಲಿ ಕಲ್ಲು ಸಾಗಿಸುವುದೂ ಉಂಟು. ಬೆಟ್ಟವನ್ನೇ ದಾನವಿತ್ತವರೂ ಇದ್ದಾರೆ. ಮೊದಲನೆಯ ಮಹಾಯುದ್ಧದಲ್ಲಿ ಮಡಿದ ತನ್ನ ಸದಸ್ಯರ ಸ್ಮರಣಾರ್ಥವಾಗಿ 'ಫೆಲ್ ಅಂಡ್ ರಾಕ್ ಕ್ಲೈಂಬಿಂಗ್ ಕ್ಲಬ್' ಎಂಬ ಸಂಘವು ಗ್ರೇಟ್ ಗೇಬಲ್ ಮೊದಲಾದ ಎತ್ತರದ ನೆಲವನ್ನು ಕೊಂಡು 'ನ್ಯಾಷನಲ್ ಟ್ರಸ್ಟ್' ಸಂಸ್ಥೆಗೆ ಒಪ್ಪಿಸಿತು. 1924ರಲ್ಲಿ ಶಿಖರದ ಮೇಲೆ ಸ್ಮಾರಕ ಫಲಕದ ಅನಾವರಣವಾಯಿತು. ಅಲ್ಲಿ ನಡೆದಾಡಲು ಇಂದಿಗೂ ಯಾರೂ ಶುಲ್ಕ ತೆರಬೇಕಾಗಿಲ್ಲ.

ವಿದ್ಯಾಸಂಸ್ಥೆಗಳು ಮನನ ಮಾಡತಕ್ಕ ಸಂಗತಿಯಿದು. ವಾರ್ಷಿಕ ಸಂಚಿಕೆಗಳಲ್ಲಿ ಅಂಕಗಳೂ ದರ್ಜೆಗಳೂ ಶೇಕಡಾವಾರು ಫಲಿತಾಂಶಗಳೂ ಶಿಖರಗಳಂತೆಯೇ ಎಣಿಕೆಯಾಗುತ್ತವೆ. ಎಣಿಸುವುದರಲ್ಲಿ ದೋಷವಿಲ್ಲ. ಆದರೆ ಶೇಕಡಾ ನೂರರ ಹಂಬಲಕ್ಕೆ ಕಲಿಕೆಯಲ್ಲಿ ಹಿಂದುಳಿದ ಹುಡುಗನನ್ನು ಪರೀಕ್ಷೆಗೆ ಮೊದಲೇ ಶಾಲೆಯಿಂದ ಸಾಗಹಾಕುವುದು ವಿದ್ಯಾದಾನಕ್ಕೆ ಬಗೆದ ದ್ರೋಹ. ಫಲಿತಾಂಶ ಎಷ್ಟೇ ಉಜ್ವಲವಾಗಿದ್ದರೂ ಆ ದ್ರೋಹ ಮುಚ್ಚಿಹೋಗದು. ಕೆಳತರಗತಿಯಲ್ಲಿ ಅಕ್ಷರ ತಿದ್ದಿಸಿದ ಶಿಕ್ಷಕರು, ಪ್ರಸಾದ ನಿಲಯಕ್ಕೆ ಸುಗ್ಗಿಯಲ್ಲಿ ಒಂದು ಚೀಲ ಜೋಳ ಕಳುಹಿಸಿದ ರೈತರು, ಬಡ ಹುಡುಗನ ಶುಲ್ಕವನ್ನು ಸದ್ದಿಲ್ಲದೆ ಕಟ್ಟಿದ ಹಳೆಯ ವಿದ್ಯಾರ್ಥಿಗಳು, ಇವರೆಲ್ಲ ದಾರಿಗೆ ಕಲ್ಲು ಹಾಸಿದವರು. ಕಾಯಕ ದಾಸೋಹಗಳನ್ನು ತತ್ತ್ವವಾಗಿ ಸ್ವೀಕರಿಸಿದ ಮಠದ ಆಶ್ರಯದಲ್ಲಿ ನಡೆಯುವ ಶಾಲೆಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಪ್ರತಿವರ್ಷವೂ ಪ್ರಥಮ ದರ್ಜೆಯವರ ಪಟ್ಟಿಯ ಎದುರು ಪುಟದಲ್ಲಿ, ಹೆಸರು ಬೇಡವೆನ್ನದ ಇಂತಹವರ ಪಟ್ಟಿಯೂ ಅಚ್ಚಾಗುವುದು ನ್ಯಾಯ.