ಯುದ್ಧಭೂಮಿಯಲ್ಲಿ ಅನ್ನದ ದಾರಿ

ಹಸಿದವರಿಗೆ ಅನ್ನವಿಕ್ಕುವುದು ಪುಣ್ಯಕಾರ್ಯವೆಂಬುದನ್ನು ಒಪ್ಪದ ಮತವಿಲ್ಲ, ಒಪ್ಪದ ದೇಶವಿಲ್ಲ. ಆದರೆ ಆ ಅನ್ನವು ಹಸಿದವನ ಕೈಗೆ ಮುಟ್ಟುವುದಕ್ಕೆ ಮೊದಲು ಹಾದು ಹೋಗಬೇಕಾದ ದಾರಿ ಎಂಥದೆಂಬುದನ್ನು ನಾವು ಅಷ್ಟಾಗಿ ಆಲೋಚಿಸುವುದಿಲ್ಲ. ಬೆಳೆಹಬ್ಬದ ದಿನ ನಾವು ಹಾಕಿದ ಕಾಣಿಕೆಯು ಧಾನ್ಯವಾಗಿ, ಧಾನ್ಯವು ಮೂಟೆಯಾಗಿ, ಮೂಟೆಯು ಲಾರಿಯನ್ನೇರಿ ದೂರದೇಶದ ದುಃಖಿತರನ್ನು ಸೇರಿತೆಂದು ನಂಬಿ ಸಮಾಧಾನದಿಂದ ಮನೆಗೆ ತೆರಳುತ್ತೇವೆ. ಶಾಂತಿಯಿರುವ ನಾಡಿನಲ್ಲಿ ಈ ನಂಬಿಕೆಯು ಬಹುಮಟ್ಟಿಗೆ ನಿಜವಾದೀತು. ಎರಡು ಸೈನ್ಯಗಳು ಎದುರುಬದುರಾಗಿ ನಿಂತಿರುವ ನಾಡಿನಲ್ಲಾದರೋ ಉಗ್ರಾಣಕ್ಕೂ ಹಸಿದ ಮಗುವಿಗೂ ನಡುವೆ ಹತ್ತಾರು ಕಾವಲುಗಳಿರುತ್ತವೆ, ಪ್ರತಿಯೊಂದು ಕಾವಲಿನಲ್ಲಿಯೂ ಬಂದೂಕು ಹಿಡಿದವನೊಬ್ಬನು, “ನೀನು ಯಾವ ಕಡೆಯವನು?” ಎಂದು ಕೇಳುತ್ತಾನೆ. ಈ ಪ್ರಶ್ನೆಗೆ ಉಪಕಾರ ಸಂಸ್ಥೆಗಳೆಲ್ಲವೂ ಕೂಡಿ ಒಂದೇ ಉತ್ತರವನ್ನು ಕೊಡತಕ್ಕದ್ದು. ಹಾಗೆ ಕೂಡಿ ನಡೆಯುವುದು ಕರುಣೆಗೆ ಹೊರಗಿನ ಕಚೇರಿಯ ಕೆಲಸವಲ್ಲ, ಕರುಣೆಯ ಒಂದು ಅಂಗವೇ ಆಗಿದೆ ಎಂಬುದು ನನ್ನ ಅಭಿಪ್ರಾಯವು.

ಈ ಮಾತು ನಮಗೆ ಹೊಸದಾಗಿರಬಾರದು. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯವನ್ನು ಓದಿದವರು ಬಲ್ಲರು: ಆದಿಸಭೆಯಲ್ಲಿ ದಿನದಿನವೂ ನಡೆಯುತ್ತಿದ್ದ ಅನ್ನದಾನದಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆಯೆಂಬ ಗುಣುಗುಟ್ಟುವಿಕೆಯು ಹುಟ್ಟಿತು. ಅಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ, ವ್ಯವಸ್ಥೆಗೆ ಕೊರತೆಯಿತ್ತು. ಆಗ ಅಪೊಸ್ತಲರು ಪ್ರೀತಿಯ ವಿಷಯವಾಗಿ ಇನ್ನೊಂದು ಪ್ರಸಂಗವನ್ನು ಮಾಡಿ ಸುಮ್ಮನಾಗಲಿಲ್ಲ. ಆ ಕೆಲಸಕ್ಕೆಂದೇ ಏಳು ಮಂದಿಯನ್ನು ಆರಿಸಿ ನೇಮಿಸಿದರು. ಆ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳೇ ಆಗಿರುವುದು ಗಮನಿಸತಕ್ಕ ಸಂಗತಿ. ಯಾರ ಕಡೆಯಿಂದ ದೂರು ಬಂದಿತೋ ಆ ಕಡೆಯವರ ಕೈಗೇ ಉಗ್ರಾಣದ ಬೀಗದಕೈ ಹೋಯಿತೆಂದು ಇದರಿಂದ ಊಹಿಸಬಹುದು. ಐದು ಸಾವಿರ ಜನರಿಗೆ ಊಟವಿಕ್ಕಿದಾಗಲೂ ನಮ್ಮ ಕರ್ತನು ರೊಟ್ಟಿಯನ್ನು ಮುರಿಯುವುದಕ್ಕೆ ಮೊದಲು ಜನರನ್ನು ಐವತ್ತೈವತ್ತು ಮಂದಿಯ ಪಂಕ್ತಿಗಳಾಗಿ ಕುಳ್ಳಿರಿಸಿದನೆಂದು ಲೂಕನು ಬರೆದಿದ್ದಾನೆ. ಪಂಕ್ತಿಯಿಲ್ಲದಿದ್ದರೆ ಬಲವುಳ್ಳವನು ಎರಡು ಸಾರಿ ಉಂಡು, ಕೂಸನ್ನೆತ್ತಿಕೊಂಡು ಹಿಂದೆ ನಿಂತವಳು ಉಪವಾಸವಿರುತ್ತಿದ್ದಳೆಂಬುದು ನಿಶ್ಚಯ.

ಯುದ್ಧಪೀಡಿತ ನಾಡಿಗೆ ಇಪ್ಪತ್ತು ಮೂವತ್ತು ಸಂಸ್ಥೆಗಳು ತಮ್ಮ ತಮ್ಮ ಮನಸ್ಸಿಗೆ ತೋರಿದಂತೆ ಹೊರಟರೆ ಆಗುವುದೇನು? ಹೆದ್ದಾರಿಯ ಬದಿಯಲ್ಲಿರುವ ಶಿಬಿರಕ್ಕೆ ಮೂರು ಸಂಸ್ಥೆಗಳ ಹಿಟ್ಟು ಬರುತ್ತದೆ. ನದಿಯಾಚೆಯ ಹಳ್ಳಿಗೆ ಯಾರೂ ಹೋಗುವುದಿಲ್ಲ. ಒಂದು ಸಂಸ್ಥೆಯು ಅವಸರದಲ್ಲಿ ಕಾವಲುಗಾರನಿಗೆ ಹಣಕೊಟ್ಟು ದಾರಿಯನ್ನು ಬಿಡಿಸಿಕೊಳ್ಳುತ್ತದೆ. ಮರುದಿನದಿಂದ ಆ ಹಣವೇ ಎಲ್ಲರಿಗೂ ಸುಂಕವಾಗಿ ನಿಲ್ಲುತ್ತದೆ. ಇನ್ನೊಂದು ಸಂಸ್ಥೆಯು ಒಂದು ಪಕ್ಷದ ಸೈನಿಕರನ್ನು ಬೆಂಗಾವಲಿಗೆ ಕರೆದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಬಿಳಿಯ ಬಾವುಟದ ಲಾರಿಗಳೆಲ್ಲವೂ ಎದುರು ಪಕ್ಷದವರ ಕಣ್ಣಿಗೆ ಶತ್ರುವಿನ ಲಾರಿಗಳಾಗಿಯೇ ಕಾಣುತ್ತವೆ. ಒಬ್ಬನ ಜಾಣತನವು ಹತ್ತು ಮಂದಿಗೆ ಅಪಾಯವಾಗುವುದು ಹೀಗೆಯೇ.

ಈ ಕಷ್ಟಕ್ಕೆ ಪರಿಹಾರವನ್ನು ಹುಡುಕಿದ ಒಂದು ಮುಖ್ಯ ಪ್ರಯತ್ನವು ಆಫ್ರಿಕದ ಸೂಡಾನ್ ದೇಶದಲ್ಲಿ ನಡೆಯಿತು. ಅಲ್ಲಿ ಖಾರ್ಟೂಮಿನ ಸರಕಾರಕ್ಕೂ ದಕ್ಷಿಣದ ಬಂಡುಗಾರರಿಗೂ 1983ರಿಂದ ಯುದ್ಧವು ನಡೆಯುತ್ತಿತ್ತು. 1988ರ ಕ್ಷಾಮದಲ್ಲಿ ಸುಮಾರು ಎರಡೂವರೆ ಲಕ್ಷ ಜನರು ಮಡಿದರೆಂದು ಅಂದಾಜು. ಲೋಕದಲ್ಲಿ ಧಾನ್ಯವಿರಲಿಲ್ಲವೆಂದಲ್ಲ, ಧಾನ್ಯಕ್ಕೆ ದಾರಿಯಿರಲಿಲ್ಲ. 1989ನೆಯ ಏಪ್ರಿಲ್ ತಿಂಗಳಲ್ಲಿ ವಿಶ್ವಸಂಸ್ಥೆಯವರು ಎರಡು ಪಕ್ಷದವರೊಡನೆಯೂ ಮಾತುಕತೆ ನಡೆಸಿ, ಎರಡು ಕಡೆಯ ಪ್ರಜೆಗಳಿಗೂ ಆಹಾರವು ಹೋಗುವಂತೆ ಒಪ್ಪಂದ ಮಾಡಿಕೊಂಡರು. ‘ಆಪರೇಶನ್ ಲೈಫ್‌ಲೈನ್ ಸೂಡಾನ್’ ಎಂಬುದು ಅದರ ಹೆಸರು. ಯೂನಿಸೆಫ್, ವಿಶ್ವ ಆಹಾರ ಕಾರ್ಯಕ್ರಮ ಮತ್ತು ಮೂವತ್ತಕ್ಕೂ ಮೀರಿದ ಸ್ವಯಂಸೇವಾ ಸಂಸ್ಥೆಗಳು ಅದರಲ್ಲಿ ಸೇರಿದವು. ಉತ್ತರ ಕೆನ್ಯದ ಲೋಕಿಚೊಗ್ಗಿಯೊ ಎಂಬ ಗಡಿಯೂರು ಅದರ ದೊಡ್ಡ ವಿಮಾನನೆಲೆಯಾಯಿತು. ಯಾವ ಯಾವ ಊರಿಗೆ ವಿಮಾನವು ಇಳಿಯಬೇಕೆಂಬ ಪಟ್ಟಿಯನ್ನು ತಿಂಗಳು ತಿಂಗಳೂ ಎಲ್ಲರ ಪರವಾಗಿ ಸಿದ್ಧಪಡಿಸಿ ಅನುಮತಿಯನ್ನು ಕೇಳುತ್ತಿದ್ದರು. ಚಿಕ್ಕ ಸಂಸ್ಥೆಯೂ ದೊಡ್ಡ ಸಂಸ್ಥೆಯೂ ಅದೇ ರಹದಾರಿಯಿಂದ ಒಳಕ್ಕೆ ಹೋಗುವಂತಾಯಿತು. 1995ರಲ್ಲಿ ಬಂಡುಗಾರರ ಪಕ್ಷದೊಡನೆ ಕೆಲವು ಮೂಲನಿಯಮಗಳಿಗೆ ಸಹಿ ಬಿದ್ದಿತು. ಸಹಾಯವು ಅಗತ್ಯವನ್ನು ನೋಡಿ ಸಲ್ಲತಕ್ಕದ್ದೇ ಹೊರತು ಪಕ್ಷವನ್ನು ನೋಡಿ ಅಲ್ಲ ಎಂಬುದು ಅವುಗಳ ಸಾರವು. ಈ ಕಾರ್ಯವು 2005ರ ಶಾಂತಿಯ ಒಪ್ಪಂದದ ವರೆಗೂ ಮುಂದುವರಿಯಿತು.

ಇದರ ನಡುವೆ 1991ನೆಯ ಡಿಸೆಂಬರ್ 19ರಂದು ವಿಶ್ವಸಂಸ್ಥೆಯ ಮಹಾಸಭೆಯು 46/182 ಎಂಬ ಸಂಖ್ಯೆಯ ನಿರ್ಣಯವನ್ನು ಮಾಡಿತು. ಮಾನವೀಯತೆ, ತಟಸ್ಥತೆ, ನಿಷ್ಪಕ್ಷಪಾತ ಎಂಬ ಮೂರು ತತ್ತ್ವಗಳ ಮೇಲೆ ಪರಿಹಾರಕಾರ್ಯವು ನಡೆಯತಕ್ಕದ್ದೆಂದೂ, ಸಂಸ್ಥೆಗಳ ಪ್ರಯತ್ನಗಳನ್ನು ಹೊಂದಿಸುವುದಕ್ಕೆ ಒಬ್ಬ ಅಧಿಕಾರಿಯಿರತಕ್ಕದ್ದೆಂದೂ ಅದು ವಿಧಿಸಿತು. ಈಗ ಆ ಹೊಣೆಯನ್ನು ಹೊತ್ತಿರುವ ಸಮನ್ವಯ ಕಚೇರಿಯು 1998ರಲ್ಲಿ ಈ ಹೆಸರನ್ನು ಪಡೆಯಿತು. ದಾರಿಗಳ ನಕ್ಷೆಯನ್ನು ಒದಗಿಸುವುದು, ಯಾವ ಸಂಸ್ಥೆಯು ಯಾವ ಊರಿನಲ್ಲಿ ಏನು ಮಾಡುತ್ತಿದೆಯೆಂಬ ಲೆಕ್ಕವನ್ನಿಡುವುದು, ಲಾರಿಗಳು ಹೊರಡುವ ಹೊತ್ತನ್ನೂ ಹಾದಿಯನ್ನೂ ಹೋರಾಡುವ ಪಕ್ಷಗಳಿಗೆ ಮುಂದಾಗಿ ತಿಳಿಸುವುದು, ಇವೇ ಅದರ ಕೆಲಸಗಳು. ಕೇಳುವುದಕ್ಕೆ ಇವು ಗುಮಾಸ್ತೆಯ ಕೆಲಸಗಳಂತೆ ತೋರುತ್ತವೆ. ಆದರೆ ಈ ಗುಮಾಸ್ತೆಯ ಕೆಲಸವು ಕೆಟ್ಟಲ್ಲಿ ಪ್ರಾಣಗಳು ಹೋಗುತ್ತವೆ.

ಇಲ್ಲಿ ವಿಚಾರವಂತರು ಒಂದು ಆಕ್ಷೇಪವನ್ನು ಎತ್ತಬಹುದು. ಎಲ್ಲರೂ ಒಂದೇ ಬಾಗಿಲಿನಿಂದ ಹೋಗುವುದಾದರೆ, ಆ ಬಾಗಿಲನ್ನು ಮುಚ್ಚಿದವನು ಎಲ್ಲರನ್ನೂ ಒಮ್ಮೆಗೇ ತಡೆದಂತಾಗಲಿಲ್ಲವೇ? ಈ ಆಕ್ಷೇಪವು ಹುರುಳಿಲ್ಲದ್ದಲ್ಲ. 1998ರ ಆರಂಭದಲ್ಲಿ ಬಹರ್ ಎಲ್ ಘಜಲ್ ಪ್ರಾಂತಕ್ಕೆ ವಿಮಾನಗಳು ಹಾರಕೂಡದೆಂದು ಖಾರ್ಟೂಮಿನ ಸರಕಾರವು ಆಜ್ಞೆ ಮಾಡಿದಾಗ, ಒಪ್ಪಂದಕ್ಕೆ ಕಟ್ಟುಬಿದ್ದ ಸಂಸ್ಥೆಗಳು ಸುಮ್ಮನಿರಬೇಕಾಯಿತು. ಆ ವರುಷದ ಕ್ಷಾಮದಲ್ಲಿ ಸಾವಿರಾರು ಮಂದಿ ಸತ್ತರು. ಒಪ್ಪಂದದ ಹೊರಗೆ ಉಳಿದಿದ್ದ ನಾರ್ವೇಜಿಯನ್ ಪೀಪಲ್ಸ್ ಏಡ್ ಎಂಬ ಸಂಸ್ಥೆಯಂಥವರಿಗೆ ಆ ಕಟ್ಟು ಇರಲಿಲ್ಲ. ಮುಂದೆ 2000ನೆಯ ವರುಷದಲ್ಲಿ ಬಂಡುಗಾರರ ಪಕ್ಷವು ತಾನೇ ಒಂದು ಪತ್ರವನ್ನು ಸಿದ್ಧಮಾಡಿ, ಮಾರ್ಚ್ 1ರೊಳಗೆ ಸಹಿ ಹಾಕದ ಸಂಸ್ಥೆಗಳು ತನ್ನ ಸೀಮೆಯನ್ನು ಬಿಟ್ಟು ಹೋಗಬೇಕೆಂದಿತು. ಆಗ ಸಂಸ್ಥೆಗಳಲ್ಲಿ ಒಮ್ಮತವುಂಟಾಗಲಿಲ್ಲ. ಕೆಲವರು ಸಹಿ ಹಾಕಿ ಉಳಿದರು. ಹತ್ತಕ್ಕೂ ಹೆಚ್ಚು ಸಂಸ್ಥೆಗಳು ಒಪ್ಪದೆ ಹೊರಟವು. ಉಳಿದವರೂ ಹೋದವರೂ ತಮ್ಮ ತಮ್ಮ ಅಂತಃಸಾಕ್ಷಿಯಂತೆಯೇ ನಡೆದರೆನ್ನೋಣ. ಆದರೆ ಬೇಡುವವರು ಒಡೆದರೆ ಅದರ ಲಾಭವು ಆಜ್ಞೆಯಿಡುವವನಿಗೇ ಹೊರತು ಹಸಿದವನಿಗಲ್ಲ.

ಒಂದೇ ಒಡೆತನವಿರಬೇಕೆಂದು ನಾನು ಹೇಳುವುದಿಲ್ಲವೆಂಬುದು ಇದರಿಂದ ಸ್ಪಷ್ಟವಾಗಲಿ. ಸಮನ್ವಯ ಬೇರೆ, ಅಧೀನತೆ ಬೇರೆ. ಒಂದೇ ಗಾಡಿಗೆ ಎಲ್ಲ ಎತ್ತುಗಳನ್ನೂ ಹೂಡಬೇಕಾಗಿಲ್ಲ. ಗಾಡಿಗಳು ಹಲವಿದ್ದರೂ ಒಂದೇ ಜಾಡಿನಲ್ಲಿ ಒಂದರ ಹಿಂದೊಂದು ಹೋದರೆ ಸಾಕು.

ನಮ್ಮ ಸಭೆಗಳವರೇ ಈ ವಿಷಯದಲ್ಲಿ ಕಲಿತ ಪಾಠವೊಂದುಂಟು. 1967ರಲ್ಲಿ ನೈಜೀರಿಯ ದೇಶದ ಪೂರ್ವಭಾಗವು ಬಯಾಫ್ರ ಎಂಬ ಹೆಸರಿನಿಂದ ಬೇರೆಯಾದಾಗ ಘೋರವಾದ ಅಂತರ್ಯುದ್ಧವು ನಡೆಯಿತು. ಸರಕಾರವು ಬಯಾಫ್ರವನ್ನು ಸುತ್ತುಗಟ್ಟಿತು. ಮಕ್ಕಳು ಹಸಿವಿನಿಂದ ಊದಿಕೊಂಡು ಸಾಯತೊಡಗಿದರು. ಆಗ ಪ್ರಾಟೆಸ್ಟಂಟ್ ಮತ್ತು ಕಥೋಲಿಕ ಸಂಸ್ಥೆಗಳು ಹಳೆಯ ಭೇದವನ್ನು ಮರೆತು, ‘ಜಾಯಿಂಟ್ ಚರ್ಚ್ ಏಡ್’ ಎಂಬ ಒಂದು ಕೂಟವನ್ನು ಕಟ್ಟಿದವು. ಸಾವೊ ಟೋಮೆ ದ್ವೀಪದಿಂದ ಹೊರಟ ಅವರ ವಿಮಾನಗಳು ಕತ್ತಲಿನಲ್ಲಿ, ಹೆದ್ದಾರಿಯೊಂದನ್ನೇ ಅಗಲಮಾಡಿ ಸಿದ್ಧಗೊಳಿಸಿದ್ದ ಉಲಿ ಎಂಬ ನೆಲೆಯಲ್ಲಿ ಇಳಿದವು. ಹೀಗೆ ಐದು ಸಾವಿರಕ್ಕೂ ಮೀರಿ ಹಾರಾಟಗಳು ನಡೆದವು. ಹಲವು ಮಂದಿ ವೈಮಾನಿಕರು ಪ್ರಾಣವನ್ನೇ ಕೊಟ್ಟರು. ಆ ಕೂಟದ ಇಂಗ್ಲಿಷ್ ಹೆಸರಿನ ಆದ್ಯಕ್ಷರಗಳನ್ನು ಹಿಡಿದು ಅದಕ್ಕೆ ‘ಯೇಸು ಕ್ರಿಸ್ತನ ವಿಮಾನ ಕಂಪೆನಿ’ ಎಂದು ವಿನೋದದ ಹೆಸರೂ ಬಿದ್ದಿತು.

ಸಭೆಗಳ ಆ ಐಕ್ಯವನ್ನು ಎಷ್ಟು ಹೊಗಳಿದರೂ ಸಾಲದು. ಆದರೂ ಸತ್ಯವನ್ನು ಮರೆಮಾಡಲಾಗದು. ಅದೇ ಉಲಿಯಲ್ಲಿ ಅದೇ ಕತ್ತಲಿನಲ್ಲಿ ಮದ್ದುಗುಂಡಿನ ವಿಮಾನಗಳೂ ಇಳಿಯುತ್ತಿದ್ದವು. ಹಾಲಿನ ಪುಡಿ ಯಾವುದು, ಗುಂಡು ಯಾವುದು ಎಂದು ಮೇಲಿನಿಂದ ತಿಳಿಯುವಂತಿರಲಿಲ್ಲ. ವಿಮಾನಗಳು ತಪಾಸಣೆಗೊಳಪಟ್ಟು ಹಗಲಿನಲ್ಲಿ ಹೋಗಲಿ ಎಂದು ನೈಜೀರಿಯದವರು ಹೇಳಿದರು. ಅದರ ಮರೆಯಲ್ಲಿ ಶತ್ರುವು ನುಗ್ಗಿಯಾನೆಂದು ಬಯಾಫ್ರದ ನಾಯಕರು ಒಪ್ಪಲಿಲ್ಲ. 1969ನೆಯ ಜೂನ್ 5ರಂದು ರೆಡ್ ಕ್ರಾಸಿನ ವಿಮಾನವೊಂದನ್ನು ನೈಜೀರಿಯದ ವಾಯುಪಡೆಯು ಹೊಡೆದುರುಳಿಸಿತು. ರೆಡ್ ಕ್ರಾಸಿನವರು ತಮ್ಮ ಹಾರಾಟವನ್ನು ನಿಲ್ಲಿಸಿದರು, ಸಭೆಗಳವರು ಮುಂದುವರಿಸಿದರು. 1970ನೆಯ ಜನವರಿಯಲ್ಲಿ ಯುದ್ಧವು ಮುಗಿದು, ಸೋತ ನಾಡಿನ ಜನರಿಗೆ ಅನ್ನವು ಹಿಂದೆಂದಿಗಿಂತಲೂ ಬೇಕಾಗಿದ್ದಾಗ, ಗೆದ್ದ ಸರಕಾರವು ಸಭೆಗಳ ಕೂಟದ ಸಹಾಯವನ್ನು ಬೇಡವೆಂದಿತು. ಒಂದು ಪಕ್ಷದ ಮಿತ್ರರೆಂದು ಹೆಸರು ಬಿದ್ದವರಿಗೆ ಇನ್ನೊಂದು ಪಕ್ಷದ ಬಾಗಿಲು ತೆರೆಯಲಿಲ್ಲ. ಆ ವೈಮಾನಿಕರು ತಪ್ಪಿದರೆಂದು ಹೇಳುವ ಧೈರ್ಯವು ನನಗಿಲ್ಲ. ಕಣ್ಣೆದುರಿಗೆ ಮಕ್ಕಳು ಸಾಯುವಾಗ ಯಾರು ತಾನೇ ಕಾಯುವರು? ಆದರೆ ತಮ್ಮೊಳಗೆ ಐಕ್ಯವಿದ್ದರಷ್ಟೇ ಸಾಲದು, ಆ ಐಕ್ಯವು ಎರಡು ಪಕ್ಷದವರಿಗೂ ನಂಬತಕ್ಕದ್ದಾಗಿ ಕಾಣಬೇಕೆಂಬ ಪಾಠವನ್ನು ಅವರ ಅನುಭವವೇ ನಮಗೆ ಕಲಿಸುತ್ತದೆ.

ಇವೆಲ್ಲವೂ ಹಳೆಯ ಕಥೆಗಳೆಂದು ಯಾರೂ ತಿಳಿಯಬಾರದು. 2023ನೆಯ ಏಪ್ರಿಲ್‌ನಲ್ಲಿ ಅದೇ ಸೂಡಾನಿನಲ್ಲಿ ಸೈನ್ಯಕ್ಕೂ ಅರೆಸೈನ್ಯಕ್ಕೂ ಮತ್ತೆ ಯುದ್ಧವು ಹೊತ್ತಿಕೊಂಡಿತು. 2024ನೆಯ ಫೆಬ್ರವರಿಯಲ್ಲಿ, ಚಾಡ್ ದೇಶದಿಂದ ಡಾರ್ಫುರ್ ಸೀಮೆಗೆ ಹೋಗುವ ಅದ್ರೆ ಎಂಬ ಗಡಿದಾರಿಯ ಅನುಮತಿಯನ್ನು ಅಲ್ಲಿನ ಅಧಿಕಾರಿಗಳು ಹಿಂತೆಗೆದರು. ಆಗಸ್ಟ್ ತಿಂಗಳಲ್ಲಿ ಮತ್ತೆ ಕೊಟ್ಟರು. ಆ ಆಗಸ್ಟಿನಲ್ಲೇ ಡಾರ್ಫುರಿನ ಜಮ್‌ಜಮ್ ಶಿಬಿರದಲ್ಲಿ ಕ್ಷಾಮವಿದೆಯೆಂದು ತಜ್ಞರು ಸಾರಿದರು. ದೊಡ್ಡ ಸಂಸ್ಥೆಗಳ ಲಾರಿಗಳು ಗಡಿಯಲ್ಲಿ ತಡೆಯಲ್ಪಟ್ಟ ಕಾಲದಲ್ಲಿ ಊರೂರ ತರುಣ ತರುಣಿಯರು ಕೂಡಿಕೊಂಡು, ಕೇರಿಕೇರಿಗಳಲ್ಲಿ ಒಲೆ ಹೂಡಿ ನೆರೆಯವರಿಗೆ ಗಂಜಿಯನ್ನು ಕಾಸಿ ಬಡಿಸಿದರು. ಅವರಿಗೆ ರಹದಾರಿಯು ಬೇಕಾಗಲಿಲ್ಲ. ಅವರು ಅಲ್ಲಿಯವರೇ ಆಗಿದ್ದರು. ಆದುದರಿಂದ ಸಂಸ್ಥೆಗಳು ಕುಳಿತು ಆಲೋಚಿಸುವ ಮೇಜಿನಲ್ಲಿ ಇಂಥವರಿಗೂ ಸ್ಥಾನವಿರತಕ್ಕದ್ದು. ಆದಿಸಭೆಯು ಗ್ರೀಕ್ ಹೆಸರಿನ ಏಳು ಮಂದಿಯನ್ನು ಆರಿಸಿದ್ದರ ಅರ್ಥವೂ ಇದೇ ಅಲ್ಲವೇ?

ಇನ್ನೊಂದು ಮಾತನ್ನೂ ಹೇಳಬೇಕು. ಹಾದಿಯನ್ನೂ ಹೊತ್ತನ್ನೂ ಮುಂದಾಗಿ ತಿಳಿಸಿದ ಮಾತ್ರಕ್ಕೆ ರಕ್ಷಣೆಯು ನಿಶ್ಚಯವಾಗುವುದಿಲ್ಲ. 2024ನೆಯ ಏಪ್ರಿಲ್ 1ರಂದು ಗಾಜಾ ಪ್ರದೇಶದಲ್ಲಿ ವರ್ಲ್ಡ್ ಸೆಂಟ್ರಲ್ ಕಿಚನ್ ಎಂಬ ಸಂಸ್ಥೆಯ ಏಳು ಮಂದಿ ಸೇವಕರು ಇಸ್ರೇಲಿ ಸೈನ್ಯದ ದಾಳಿಯಲ್ಲಿ ಹತರಾದರು. ಅವರ ಪ್ರಯಾಣದ ಸಂಗತಿಯನ್ನು ಸೈನ್ಯಕ್ಕೆ ಮೊದಲೇ ತಿಳಿಸಲಾಗಿತ್ತು; ಅದು ಘೋರವಾದ ತಪ್ಪೆಂದು ಸೈನ್ಯವು ಆ ಮೇಲೆ ಒಪ್ಪಿಕೊಂಡಿತು. ಕಚೇರಿಗೆ ಮುಟ್ಟಿದ ಪತ್ರವು ಗುಂಡು ಹಾರಿಸುವವನ ಕಿವಿಗೂ ಮುಟ್ಟಬೇಕು. ಆ ಹೊಣೆಯು ಆಯುಧ ಹಿಡಿದವರದ್ದು; 1949ರ ಜಿನೀವಾ ಒಪ್ಪಂದಗಳಿಗೆ ಸಹಿ ಹಾಕಿದ ಸರಕಾರಗಳು ಅದನ್ನು ಜಾರಿಸಿಕೊಳ್ಳಲಾಗದು. ಆದರೆ ಹೊಣೆ ತಪ್ಪಿದವರನ್ನು ಪ್ರಶ್ನಿಸುವ ಧ್ವನಿಯು ಒಂಟಿಯಾಗಿದ್ದರೆ ಮಡಿದುಹೋಗುತ್ತದೆ, ಹಲವು ಕೂಡಿದರೆ ಲೋಕಕ್ಕೆ ಕೇಳಿಸುತ್ತದೆ. ಕೂಡಿ ನಡೆಯುವುದಕ್ಕೆ ಇದೂ ಒಂದು ಕಾರಣವು.

ಹಾಗಾದರೆ ಸಂಸ್ಥೆಗಳು ಮಾಡತಕ್ಕದ್ದೇನು? ದಾರಿಗಾಗಿ ಗುಟ್ಟಾಗಿ ಚೌಕಾಶಿ ಮಾಡಬಾರದು. ಒಬ್ಬರಿಗೆ ದೊರೆತ ಅನುಮತಿಯು ಎಲ್ಲರಿಗೂ ಸಲ್ಲುವಂತೆ ಕೇಳಬೇಕು. ಆಯುಧವನ್ನು ಗಾಡಿಯೊಳಗೆ ಹತ್ತಿಸಬಾರದು. ತಮಗೆ ತಿಳಿದ ಅಪಾಯವನ್ನು ನೆರೆಯ ಸಂಸ್ಥೆಗೆ ತಿಳಿಸದೆ ಇರಬಾರದು. ಎಲ್ಲಕ್ಕಿಂತ ಕಠಿನವಾದದ್ದು ಕಡೆಯದು: ಮೂಟೆಯ ಮೇಲೆ ತಮ್ಮ ಹೆಸರು ಕಾಣಬೇಕೆಂಬ ಆಸೆಯನ್ನು ಬಿಡಬೇಕು. ದಾನ ಕೊಡುವ ನಾವೂ ಇದರಲ್ಲಿ ನಿರ್ದೋಷಿಗಳಲ್ಲ. ನಮ್ಮ ಸಂಘದ ಹೆಸರಿನ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿದರೆ ಮಾತ್ರ ಕೈಬಿಚ್ಚಿ ಕೊಡುವವರು ನಾವಾದರೆ, ಸಂಸ್ಥೆಗಳು ಹೆಸರಿಗಾಗಿ ಓಡುವುದು ಆಶ್ಚರ್ಯವೇ?

ಪ್ರಿಯ ಸಹೋದರಿಯರೇ, ಈ ಶಾಲೆಯಿಂದ ಹೊರಟ ನಿಮ್ಮಲ್ಲಿ ಕೆಲವರು ದಾದಿಯರಾಗುವಿರಿ, ವೈದ್ಯೆಯರಾಗುವಿರಿ, ಉಪಾಧ್ಯಾಯಿನಿಯರಾಗುವಿರಿ. ಕೆಲವರು ಕಚೇರಿಯಲ್ಲಿ ಪಟ್ಟಿಗಳನ್ನು ಬರೆಯುವಿರಿ. ಗಾಯವನ್ನು ಕಟ್ಟುವ ಕೈಯನ್ನು ಜನರು ಹೊಗಳುವರು. ಪಟ್ಟಿಯನ್ನು ಬರೆಯುವ ಕೈಯನ್ನು ಯಾರೂ ನೋಡುವುದಿಲ್ಲ. ಆದರೆ ನದಿಯಾಚೆಯ ಹಳ್ಳಿಯ ಹೆಸರು ಆ ಪಟ್ಟಿಯಲ್ಲಿ ಬಿಟ್ಟುಹೋಗದಂತೆ ನೋಡಿಕೊಂಡವಳು ಅಲ್ಲಿನ ಮಕ್ಕಳಿಗೆ ತನ್ನ ಕೈಯಾರೆ ಅನ್ನವನ್ನಿಕ್ಕಿದವಳೇ ಸರಿ. ಎಣಿಕೆಯಲ್ಲಿ ಒಬ್ಬಳು ವಿಧವೆಯೂ ತಪ್ಪದಂತೆ ಕಾಯುವ ಆ ಎಚ್ಚರವನ್ನು ಕರ್ತನು ನಮಗೆಲ್ಲರಿಗೂ ದಯಪಾಲಿಸಲಿ.