ಆಮೆಗೆ ಬೇಕು ಕತ್ತಲು, ನಮಗೆ ಬೇಕು ನಡಿಗೆ

ಊರಿನಿಂದ ಚೆನ್ನೈಗೆ ಬರುವ ನೆಂಟರಿಗೆ ಇಲ್ಲಿನ ಕಡಲತೀರವೆಂದರೆ ಮರೀನಾ ಬೀಚು, ಬಿಸಿ ಸುಂಡಲ್, ಸಂಜೆಯ ಗಾಳಿ. ಅದೇ ತೀರದಲ್ಲಿ ಪ್ರತಿವರ್ಷ ಜನವರಿಯಿಂದ ಏಪ್ರಿಲ್‌ವರೆಗೆ ನಡುರಾತ್ರಿ ಇನ್ನೊಂದು ಕೆಲಸ ನಡೆಯುತ್ತದೆ. ನೀಲಾಂಕರೈಯಿಂದ ಬೆಸೆಂಟ್ ನಗರದವರೆಗಿನ ಸುಮಾರು ಏಳು ಕಿಲೊಮೀಟರ್ ಮರಳಿನಲ್ಲಿ ವಿದ್ಯಾರ್ಥಿಗಳ ಗುಂಪೊಂದು ನಡೆಯುತ್ತದೆ. ಅಲೆಯ ಅಂಚಿನಿಂದ ಮೇಲಕ್ಕೆ ಹೋಗಿ ಮತ್ತೆ ನೀರಿಗೆ ಇಳಿದ ಆಮೆಯ ಜಾಡು ಕಂಡರೆ ಎಲ್ಲರೂ ನಿಲ್ಲುತ್ತಾರೆ. ಅನುಭವಿಯೊಬ್ಬರು ಮರಳನ್ನು ಮೆಲ್ಲಗೆ ತಡಕಿ, ಒಂದೂವರೆ ಅಡಿ ಆಳದಲ್ಲಿರುವ ನೂರಕ್ಕೂ ಹೆಚ್ಚು ಮೊಟ್ಟೆಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬುತ್ತಾರೆ. ನಾಯಿ, ನರಿ, ಜನ, ದೀಪ ಇವುಗಳಿಂದ ದೂರವಿರುವ ಹ್ಯಾಚರಿಯಲ್ಲಿ ಅದೇ ಅಳತೆಯ ಗುಂಡಿ ತೋಡಿ ಅವನ್ನು ಮತ್ತೆ ಹೂಳುತ್ತಾರೆ. ಸುಮಾರು 45ರಿಂದ 60 ದಿನಗಳಲ್ಲಿ ಮರಿಗಳು ಹೊರಬಂದು ಕಡಲಿನತ್ತ ನಡೆಯುತ್ತವೆ.

ಇದು ಹೊಸ ಹುಮ್ಮಸ್ಸೇನೂ ಅಲ್ಲ. 1970ರ ದಶಕದ ಆರಂಭದಲ್ಲಿ ಮದರಾಸಿನ ಹಾವಿನ ಉದ್ಯಾನ ಕಟ್ಟಿದ ರೋಮುಲಸ್ ವಿಟೇಕರ್ ಮತ್ತು ಅವರ ಗೆಳೆಯರು ಈ ತೀರದಲ್ಲಿ ಆಮೆಗಳನ್ನು ಹುಡುಕಿ ನಡೆಯತೊಡಗಿದರು. ನಂತರ ಆ ಕೆಲಸವನ್ನು ಕಾಲೇಜು ವಿದ್ಯಾರ್ಥಿಗಳೇ ವಹಿಸಿಕೊಂಡು 1988ರಲ್ಲಿ ‘ಸ್ಟೂಡೆಂಟ್ಸ್ ಸೀ ಟರ್ಟಲ್ ಕನ್ಸರ್ವೇಶನ್ ನೆಟ್‌ವರ್ಕ್’ ಕಟ್ಟಿದರು. ಮೊದಲ ತಂಡದಲ್ಲಿದ್ದವರಿಗೆ ಈಗ ತಲೆ ನರೆತಿದೆ. ಅವರ ಜಾಗದಲ್ಲಿ ಪ್ರತಿವರ್ಷ ಹೊಸ ಹುಡುಗ ಹುಡುಗಿಯರು ಬರುತ್ತಲೇ ಇದ್ದಾರೆ. ಮೂರೂವರೆ ದಶಕ ದಾಟಿದ ಈ ನಡಿಗೆಯಲ್ಲಿ ಇಂದಿನ ಯುವಜನರಿಗೆ ಒಂದು ಪಾಠವಿದೆ. ವನ್ಯಜೀವಿಯನ್ನು ಕಾಯುವುದು ಬೇರೆ, ತಮ್ಮ ಆರೋಗ್ಯ ಕಾಯುವುದು ಬೇರೆ ಎಂದು ನಾವು ಭಾವಿಸಿದ್ದೇವೆ. ನಿಜದಲ್ಲಿ ಎರಡಕ್ಕೂ ಬೇಕಾದದ್ದು ಒಂದೇ ಬಗೆಯ ದಿನಚರಿ.

ಮೊದಲು ಆರೋಗ್ಯದ ಲೆಕ್ಕ ನೋಡೋಣ. ಚೆನ್ನೈನದೇ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ನಡೆಸಿದ ದೇಶವ್ಯಾಪಿ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು ಇನ್ನೊಂದು ಲೆಕ್ಕ ಕೊಟ್ಟರು. 2000ನೇ ಇಸವಿಯಲ್ಲಿ ನಮ್ಮ ವಯಸ್ಕರಲ್ಲಿ ಶೇ 22ರಷ್ಟು ಜನರಿಗೆ ಸಾಕಷ್ಟು ಮೈಚಟುವಟಿಕೆ ಇರಲಿಲ್ಲ. 2022ರಲ್ಲಿ ಆ ಪ್ರಮಾಣ ಸುಮಾರು ಶೇ 49ಕ್ಕೆ ಏರಿದೆ. ಅಂದರೆ ಇಬ್ಬರಲ್ಲಿ ಒಬ್ಬರು. ‘ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು’ ಎಂದು ಹಿರಿಯರು ದುಡ್ಡಿನ ಮಾತಾಗಿ ಹೇಳಿದ್ದರು. ಈಗ ಕೂತು ದುಡಿಯುವವನಿಗೂ ಕುಡಿಕೆ ಹೊನ್ನು ಸಾಲದು, ಅದು ಆಸ್ಪತ್ರೆಗೆ ಹೋಗುತ್ತದೆ.

ಇದಕ್ಕೆ ಮದ್ದು ಏನೆಂದು ಯಾರಿಗೂ ಗೊತ್ತಿಲ್ಲದೇ ಇಲ್ಲ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಷ್ಟು ಶ್ರಮ, ಹದಿಹರೆಯದವರಿಗೆ ದಿನಕ್ಕೆ ಸರಾಸರಿ ಒಂದು ಗಂಟೆ ಆಟ ಓಟ ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆದರೂ ಜನವರಿಯಲ್ಲಿ ಜಿಮ್‌ಗೆ ದುಡ್ಡು ಕಟ್ಟಿದವರು ಮಾರ್ಚ್ ಹೊತ್ತಿಗೆ ಅತ್ತ ಸುಳಿಯುವುದಿಲ್ಲ. ಕಾರಣ ಸೋಮಾರಿತನ ಒಂದೇ ಅಲ್ಲ. ತನ್ನ ಹೊಟ್ಟೆಯ ಸುತ್ತಳತೆಗಾಗಿ ದಿನವೂ ಬೆವರು ಸುರಿಸುವುದು ಇಪ್ಪತ್ತೈದರ ಹುಡುಗನಿಗೆ ಬೇಸರದ ಕೆಲಸ. ಬೇರೊಂದು ಜೀವ ಕಾಯುತ್ತಿದೆ ಎಂದಾದರೆ ಅದೇ ಹುಡುಗ ಮೆತ್ತನೆ ಮರಳಿನಲ್ಲಿ ಮೂರು ನಾಲ್ಕು ಗಂಟೆ ನಡೆಯುತ್ತಾನೆ. ಗಟ್ಟಿ ನೆಲಕ್ಕಿಂತ ಮರಳಿನ ನಡಿಗೆಗೆ ಹೆಚ್ಚು ಶಕ್ತಿ ಬೇಕು. ಆದರೆ ಆ ಹೊತ್ತಿನಲ್ಲಿ ಹೆಜ್ಜೆ ಎಣಿಸುವ ಗಡಿಯಾರದ ನೆನಪು ಯಾರಿಗೂ ಬರುವುದಿಲ್ಲ.

ಎರಡನೆಯದು ಬೆಳಕು. ಮೊಟ್ಟೆಯೊಡೆದ ಆಮೆಮರಿ ರಾತ್ರಿಯಲ್ಲಿ ಹೊರಬಂದು ದಿಗಂತದಲ್ಲಿ ಎಲ್ಲಿ ಹೆಚ್ಚು ಬೆಳಕಿದೆಯೋ ಅತ್ತ ಹೊರಡುತ್ತದೆ. ಕೋಟ್ಯಂತರ ವರ್ಷಗಳಿಂದ ಆ ಬೆಳಕು ಕಡಲಿನ ಮೇಲಿತ್ತು, ಬೆನ್ನ ಹಿಂದಿನ ನೆಲ ಕತ್ತಲಾಗಿತ್ತು. ಈಗ ಹೈಮಾಸ್ಟ್ ದೀಪ, ಹೋಟೆಲ್, ಅಪಾರ್ಟ್‌ಮೆಂಟ್ ಎಲ್ಲವೂ ನೆಲದ ಕಡೆಯೇ ಉರಿಯುತ್ತವೆ. ಮರಿಗಳು ದಾರಿ ತಪ್ಪಿ ರಸ್ತೆಯತ್ತ ಹೋಗಿ ಚಕ್ರಕ್ಕೋ ನಾಯಿಗೋ ಬಲಿಯಾಗುತ್ತವೆ. ಚೆನ್ನೈನಲ್ಲಿ ಮೊಟ್ಟೆಗಳನ್ನು ಹ್ಯಾಚರಿಗೆ ಸಾಗಿಸಬೇಕಾಗಿರುವುದಕ್ಕೆ ಇದೊಂದು ದೊಡ್ಡ ಕಾರಣ.

ನಮ್ಮ ದೇಹವೂ ಅದೇ ಬೆಳಕಿಗೆ ಮೋಸಹೋಗುತ್ತಿದೆ. ಕತ್ತಲಾದಾಗ ಮಿದುಳು ಮೆಲಟೊನಿನ್ ಎಂಬ ಹಾರ್ಮೋನನ್ನು ಹೊರಸೂಸಿ ನಿದ್ದೆಯ ಸೂಚನೆ ಕೊಡುತ್ತದೆ. ಮೊಬೈಲು, ಲ್ಯಾಪ್‌ಟಾಪು, ಬಿಳಿ ಎಲ್‌ಇಡಿ ದೀಪಗಳ ನೀಲಿ ಬೆಳಕು ಅದನ್ನು ತಡೆಯುತ್ತದೆ. ಹಳೇ ಮಹಾಬಲಿಪುರಂ ರಸ್ತೆಯ ಐಟಿ ಕಚೇರಿಗಳಲ್ಲಿ ಅಮೆರಿಕದ ಹಗಲಿಗೆ ಹೊಂದಿಕೊಂಡು ದುಡಿಯುವ ನಮ್ಮ ಹುಡುಗರಿಗೆ ಇದನ್ನು ವಿವರಿಸಬೇಕಿಲ್ಲ. ಪಾಳಿ ಮುಗಿಸಿ ಬಂದವರು ಮತ್ತೆ ಎರಡು ತಾಸು ರೀಲ್ಸ್ ನೋಡುತ್ತಾರೆ. ನಿದ್ದೆಗೆಟ್ಟರೆ ಹಸಿವಿನ ಲೆಕ್ಕ ತಪ್ಪುತ್ತದೆ, ಸಕ್ಕರೆ ಏರುತ್ತದೆ, ಮನಸ್ಸು ಕುಗ್ಗುತ್ತದೆ. ತೀರದ ದೀಪವನ್ನು ಆಮೆಯ ಋತುವಿನಲ್ಲಿ ಆರಿಸಿ ಎಂದು ನಗರಪಾಲಿಕೆಯನ್ನು ಕೇಳುವ ಯುವಕ ಹಾಸಿಗೆಯ ಪಕ್ಕದ ದೀಪವನ್ನೂ ಆರಿಸಬೇಕು. ಎರಡೂ ಒಂದೇ ಬೇಡಿಕೆ.

ಹಾಗಾದರೆ ನಡುರಾತ್ರಿ ನಡೆಯುವುದರಿಂದ ನಿದ್ದೆ ಕೆಡುವುದಿಲ್ಲವೇ? ಕೆಡುತ್ತದೆ. ಅದಕ್ಕೇ ಸಾರ್ವಜನಿಕರ ಆಮೆ ನಡಿಗೆ ವಾರಾಂತ್ಯದ ರಾತ್ರಿಗಳಿಗೆ ಸೀಮಿತ. ಹೊರಗಿನವರು ಋತುವಿನಲ್ಲಿ ಒಂದೆರಡು ಬಾರಿ ಹೋದರೆ ಸಾಕು, ದಿನವೂ ನಡೆಯಲು ಕಾರ್ಯಕರ್ತರ ತಂಡ ಇದೆ. ರಾತ್ರಿ ಒಗ್ಗದವರಿಗೆ ಬೆಳಗಿದೆ. ಐಟಿ ಕಚೇರಿಗಳಿಗೆ ಅಂಟಿಕೊಂಡೇ ಇರುವ ಪಳ್ಳಿಕರಣೈ ಜವುಗು 2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಚಳಿಗಾಲದಲ್ಲಿ ಅಲ್ಲಿಗೆ ದೂರದೇಶದ ಹಕ್ಕಿಗಳು ಬರುತ್ತವೆ. ಜನವರಿಯಲ್ಲಿ ತಮಿಳುನಾಡಿನಾದ್ಯಂತ ಪೊಂಗಲ್ ಹಕ್ಕಿ ಎಣಿಕೆ ನಡೆಯುತ್ತದೆ. ಫೆಬ್ರುವರಿಯಲ್ಲಿ ಜಗತ್ತಿನಾದ್ಯಂತ ಹಿತ್ತಿಲ ಹಕ್ಕಿಗಳ ಎಣಿಕೆ ಇರುತ್ತದೆ. ಕನಿಷ್ಠ 15 ನಿಮಿಷ ಒಂದೆಡೆ ನಿಂತೋ ನಡೆದೋ ಕಂಡ ಹಕ್ಕಿಗಳನ್ನು ದಾಖಲಿಸಿದರೆ ಆಯಿತು. ಬೆಂಗಳೂರಿನಲ್ಲಿರುವವರಿಗೆ ಲಾಲ್‌ಬಾಗ್‌ನ ಎರಡನೇ ಭಾನುವಾರದ ಹಕ್ಕಿ ನಡಿಗೆ ದಶಕಗಳಿಂದ ಇದೆ. ಹಕ್ಕಿ ನೋಡಲು ಬೆಳಿಗ್ಗೆ ಆರಕ್ಕೆ ಏಳಬೇಕು. ಆರಕ್ಕೆ ಏಳಬೇಕಾದರೆ ಹತ್ತಕ್ಕೆ ಮಲಗಬೇಕು. ಅರ್ಧ ವೈದ್ಯಕೀಯ ಸಲಹೆ ಅಲ್ಲಿಗೇ ಮುಗಿಯಿತು.

ಆದರೆ ನಡಿಗೆಯಿಂದಲೇ ಎಲ್ಲ ಸರಿಹೋಗುತ್ತದೆ ಎಂದು ಹೇಳಿದರೆ ಅದು ಪೂರ್ಣ ಸತ್ಯವಲ್ಲ. 2025ರ ಜನವರಿಯಲ್ಲಿ ಚೆನ್ನೈ ಮತ್ತು ಸುತ್ತಲಿನ ತೀರಕ್ಕೆ ಸತ್ತ ಆಲಿವ್ ರಿಡ್ಲೆ ಆಮೆಗಳು ರಾಶಿರಾಶಿಯಾಗಿ ಬಂದು ಬಿದ್ದವು. ಆ ಋತುವಿನ ಸಾವಿನ ಸಂಖ್ಯೆ ಸಾವಿರ ದಾಟಿತು ಎಂದು ವರದಿಗಳು ಹೇಳಿದವು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು. ಆಮೆಗೆ ಶ್ವಾಸಕೋಶವಿದೆ, ಉಸಿರಾಡಲು ಮೇಲೆ ಬರಲೇಬೇಕು. ಟ್ರಾಲ್ ಬಲೆಯಲ್ಲಿ ಸಿಕ್ಕಿಕೊಂಡರೆ ನೀರಿನೊಳಗೇ ಉಸಿರುಕಟ್ಟಿ ಸಾಯುತ್ತದೆ. ಸಾವಿರ ಮರಿಗಳಲ್ಲಿ ಒಂದು ಬೆಳೆದು ದೊಡ್ಡದಾಗುತ್ತದೆ ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಆ ಲೆಕ್ಕದಲ್ಲಿ ಮೊಟ್ಟೆಯಿಡಲು ಬಂದ ಒಂದು ತಾಯಿ ಆಮೆ ಸತ್ತರೆ ವಿದ್ಯಾರ್ಥಿಗಳು ಬೆವರು ಸುರಿಸಿ ಉಳಿಸಿದ ಹತ್ತು ಗೂಡುಗಳ ಫಲ ಹೋದಂತೆ.

ಕಾನೂನು ಇಲ್ಲವೆಂದಲ್ಲ. ತಮಿಳುನಾಡಿನ 1983ರ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯ ಪ್ರಕಾರ ಯಾಂತ್ರೀಕೃತ ದೋಣಿಗಳು ತೀರದಿಂದ ಐದು ನಾಟಿಕಲ್ ಮೈಲು, ಅಂದರೆ ಸುಮಾರು ಒಂಬತ್ತು ಕಿಲೊಮೀಟರ್ ಒಳಗೆ ಮೀನು ಹಿಡಿಯುವಂತಿಲ್ಲ. ಆಮೆಗಳು ಸೇರುವುದೂ ಈ ತೀರದ ನೀರಿನಲ್ಲೇ. ಪೂರ್ವ ಕರಾವಳಿಯ 61 ದಿನಗಳ ಮೀನುಗಾರಿಕೆ ನಿಷೇಧ ಶುರುವಾಗುವುದು ಏಪ್ರಿಲ್ 15ಕ್ಕೆ. ಅಷ್ಟರಲ್ಲಿ ಆಮೆಗಳು ಮೊಟ್ಟೆಯಿಡುವ ಕಾಲ ಹೆಚ್ಚುಕಡಿಮೆ ಮುಗಿದಿರುತ್ತದೆ. ಬಲೆಯೊಳಗೆ ನುಗ್ಗಿದ ಆಮೆ ಹೊರಗೆ ಜಾರುವಂತೆ ಮಾಡುವ ಸರಳು–ಕಿಂಡಿಯ ಸಾಧನವೂ ಇದೆ. ಅದನ್ನು ಸರಿಯಾಗಿ ಬಳಸುತ್ತಿಲ್ಲ ಎಂಬ ಕಾರಣಕ್ಕೆ 2019ರಲ್ಲಿ ಅಮೆರಿಕ ಭಾರತದ ಕಡಲಲ್ಲಿ ಹಿಡಿದ ಸಿಗಡಿಯ ಆಮದನ್ನೇ ನಿಲ್ಲಿಸಿತು. ಆಮೆ ಸತ್ತರೆ ಮೀನುಗಾರನಿಗೂ ನಷ್ಟ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಹಾಗೆಂದು ಬಡ ಮೀನುಗಾರನತ್ತ ಬೆರಳು ತೋರಿಸಿ ಕೂರುವುದು ತಪ್ಪು. ನಾಡದೋಣಿಯವರ ಮೀನನ್ನೂ ಬಾಚಿಕೊಂಡು ಹೋಗುವುದು ತೀರದ ಹತ್ತಿರ ಬರುವ ಅದೇ ಟ್ರಾಲ್ ದೋಣಿಗಳು. ನಿಯಮ ಜಾರಿಯಾಗುತ್ತಿದೆಯೇ ಎಂದು ಅಧಿಕಾರಿಗಳನ್ನು ಕೇಳುವುದು, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುವುದು, ಸತ್ತ ಆಮೆ ಕಂಡರೆ ಸ್ಥಳ, ದಿನ, ಚಿತ್ರ ಸಮೇತ ಅರಣ್ಯ ಇಲಾಖೆಗೆ ತಿಳಿಸುವುದು, ಇವೂ ಯುವಜನರೇ ಮಾಡಬಹುದಾದ ಕೆಲಸ.

ಉತ್ಸಾಹಕ್ಕೆ ಶಿಸ್ತೂ ಬೇಕು. ಆಲಿವ್ ರಿಡ್ಲೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ. ಮೊಟ್ಟೆಯಿಡುತ್ತಿರುವ ಆಮೆಯ ಮುಖಕ್ಕೆ ಟಾರ್ಚ್ ಹಾಕುವುದು, ಫ್ಲ್ಯಾಶ್ ಹೊಡೆದು ಫೋಟೊ ತೆಗೆಯುವುದು, ಮರಿಯನ್ನು ಅಂಗೈಯಲ್ಲಿಟ್ಟು ಸೆಲ್ಫಿ ತೆಗೆದುಕೊಳ್ಳುವುದು ಸೇವೆಯಲ್ಲ, ಕಾಟ. ನಾವೇ ಗೂಡು ಅಗೆಯುತ್ತೇವೆ ಎಂದು ಗುಂಪುಕಟ್ಟಿ ಹೋಗುವುದು ಅಪಾಯ. ಮೊಟ್ಟೆಗಳನ್ನು ಮುಟ್ಟಲು ಇಲಾಖೆಯ ಅನುಮತಿ, ಪಳಗಿದ ಕೈ ಎರಡೂ ಬೇಕು. ನಡಿಗೆಗೆ ಹೊರಟರೆ ಕಪ್ಪು ಬಣ್ಣದ ಬಟ್ಟೆ, ನೀರಿನ ಬಾಟಲಿ, ಮುಚ್ಚಿದ ಬಾಯಿ ಇಷ್ಟು ಸಾಕು. ಮೊದಲ ಸಲ ಹೋದವರಿಗೆ ಆಮೆ ಕಾಣದೆಯೂ ಹೋಗಬಹುದು. ಸಿನಿಮಾಗೆ ಟಿಕೆಟ್ ಕೊಂಡಂತೆ ಅದನ್ನು ನಿರೀಕ್ಷಿಸಬಾರದು.

ವಲಸೆ ಬಂದ ನಮ್ಮಂಥವರಿಗೆ ಇದರಲ್ಲಿ ಇನ್ನೊಂದು ಲಾಭವಿದೆ. ಉದ್ಯೋಗಕ್ಕೆ ಬಂದವರ ಚೆನ್ನೈ ಎಂದರೆ ಬಾಡಿಗೆ ಮನೆ, ಮೆಟ್ರೊ, ಕಚೇರಿ ಇಷ್ಟೇ. ವರ್ಷಗಟ್ಟಲೆ ಇದ್ದರೂ ಊರು ಪರಿಚಯವಾಗುವುದಿಲ್ಲ, ಒಂಟಿತನ ಬಿಡುವುದಿಲ್ಲ. ಮನಸ್ಸಿನ ಆರೋಗ್ಯಕ್ಕೆ ಮಾತ್ರೆಗಿಂತ ಮೊದಲು ಜೊತೆ ಬೇಕು. ಮರಳಿನಲ್ಲಿ ಪಕ್ಕದಲ್ಲಿ ನಡೆಯುವ ತಮಿಳು ಗೆಳೆಯ ‘ಆಮೈ’ ಎನ್ನುತ್ತಾನೆ, ನಾವು ‘ಆಮೆ’ ಎನ್ನುತ್ತೇವೆ. ಅಲ್ಲಿಂದ ಮುಂದಕ್ಕೆ ಭಾಷೆ ತಾನಾಗಿ ಬರುತ್ತದೆ. ಚೆನ್ನೈನ ಕನ್ನಡ ಸಂಘಗಳು ರಾಜ್ಯೋತ್ಸವ, ಯುಗಾದಿ ಆಚರಿಸುವುದರ ಜೊತೆಗೆ ವರ್ಷಕ್ಕೊಂದು ಆಮೆ ನಡಿಗೆ, ಒಂದು ಪಳ್ಳಿಕರಣೈ ಹಕ್ಕಿ ನೋಟ ಏರ್ಪಡಿಸಿದರೆ ಸಂಘದತ್ತ ಸುಳಿಯದ ಹುಡುಗರೂ ಬರುತ್ತಾರೆ.

ನಮ್ಮ ಕರಾವಳಿಗೂ ಇದು ಹೊರತಲ್ಲ. ಕಾರವಾರ, ಹೊನ್ನಾವರ, ಕುಂದಾಪುರದ ಮರಳಿನಲ್ಲಿ ಇದೇ ಆಲಿವ್ ರಿಡ್ಲೆಗಳು ಮೊಟ್ಟೆಯಿಡುತ್ತವೆ. 2024ರಲ್ಲಿ ಮಂಗಳೂರಿನ ಸುತ್ತಲ ತೀರದಲ್ಲೂ ಗೂಡುಗಳು ಕಂಡವು. ಅಲ್ಲಿ ಅರಣ್ಯ ಇಲಾಖೆಯೂ ಸ್ಥಳೀಯ ಮೀನುಗಾರರೂ ಗೂಡುಗಳನ್ನು ಕಾಯುತ್ತಿದ್ದಾರೆ. ಕರಾವಳಿಯಲ್ಲಿ ಕಾಲೇಜುಗಳಿಗೆ ಕೊರತೆಯಿಲ್ಲ, ಎನ್‌ಎಸ್‌ಎಸ್ ಘಟಕಗಳಿಗೂ ಕೊರತೆಯಿಲ್ಲ. ಇಲಾಖೆ ಮತ್ತು ಮೀನುಗಾರರ ಜೊತೆ ಸೇರಿ ವಾರಕ್ಕೊಂದು ರಾತ್ರಿಯ ಪಾಳಿ ಹಂಚಿಕೊಂಡರೆ ಮೂವತ್ತು ವರ್ಷ ನಿಲ್ಲುವ ಸಂಸ್ಥೆ ಅಲ್ಲೂ ಹುಟ್ಟಬಹುದು. ಚೆನ್ನೈನವರು ಕಾಸಿನಿಂದ ಶುರುಮಾಡಲಿಲ್ಲ, ಕಾಲಿನಿಂದ ಶುರುಮಾಡಿದರು.

ಆಲಿವ್ ರಿಡ್ಲೆ ಪ್ರಾಯಕ್ಕೆ ಬರಲು ಹತ್ತು ಹದಿನೈದು ವರ್ಷ ಬೇಕು. ಇಂದು ಇಪ್ಪತ್ತರ ಹುಡುಗಿ ಕಡಲಿಗೆ ಬಿಟ್ಟ ಮರಿ ಮೊಟ್ಟೆಯಿಡಲು ಬರುವ ಹೊತ್ತಿಗೆ ಅವಳಿಗೆ ಮೂವತ್ತೈದು ಆಗಿರುತ್ತದೆ. ಸಕ್ಕರೆ, ರಕ್ತದೊತ್ತಡಗಳು ಬಾಗಿಲು ತಟ್ಟುವ ವಯಸ್ಸೂ ಅದೇ. ಅಂದು ಆ ಆಮೆಗೆ ಕತ್ತಲಾದ ಒಂದು ತುಂಡು ತೀರ ಉಳಿದಿರಬೇಕು, ಅವಳ ಕಾಲಿನಲ್ಲಿ ಏಳು ಕಿಲೊಮೀಟರ್ ನಡೆಯುವ ಕಸುವೂ ಉಳಿದಿರಬೇಕು. ಎರಡನ್ನೂ ಉಳಿಸಿಕೊಳ್ಳುವ ಅಭ್ಯಾಸ ಈ ವಾರಾಂತ್ಯದಲ್ಲೇ ಶುರುವಾಗಲಿ.